ಹಳೆಯ ಬಣ್ಣಕ್ಕೆ ಕಾಣದ ಕವಚ

ಹೊಸದಾಗಿ ಕೊಂಡು ತಂದ ಸೋಫಾದ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಕಿತ್ತೆಸೆಯಲು ನಮ್ಮ ಗೃಹಸ್ಥರಲ್ಲಿ ಅನೇಕರಿಗೆ ಮನಸ್ಸು ಬಾರದು. ಶಾಲೆ ತೆರೆಯುವ ಮೊದಲೇ ಮಕ್ಕಳ ಪುಸ್ತಕಗಳಿಗೆ ಕಂದು ಕಾಗದದ ಹೊದಿಕೆ ಹಾಕಿ ಮುಗಿಸುವೆವು. ಊಟದ ಮೇಜಿನ ಮರ ಕೆಡದಿರಲೆಂದು ಅದರ ಮೇಲೆ ಗಾಜನ್ನು ಹಾಸುವೆವು. ಗಾಜಿಗೆ ಗೀರು ಬೀಳದಿರಲೆಂದು ಅದರ ಮೇಲೊಂದು ಬಟ್ಟೆಯನ್ನು ಹಾಸುವೆವು. ಕಡೆಗೆ ಮರದ ಅಂದವನ್ನು ಕಂಡವರೇ ಮನೆಯಲ್ಲಿ ಇಲ್ಲವಾಗುವರು. ವಸ್ತುವನ್ನು ಬಳಸುವುದಕ್ಕೂ ಕಾಪಾಡುವುದಕ್ಕೂ ನಡೆಯುವ ಈ ಜಗ್ಗಾಟ ನಮ್ಮ ದೇಶದ ಮನೆಗಳಿಗೆ ಮಾತ್ರ ಸೇರಿದ್ದೆಂದು ನಾವು ಬಹುಕಾಲ ನಂಬಿದ್ದೆವು. ಈಚೆಗೆ ಒಂದು ಬೇಸಗೆಯಲ್ಲಿ ಇಂಗ್ಲೆಂಡಿಗೆ ಹೋಗಿ ಬಂದ ಮೇಲೆ ಆ ನಂಬಿಕೆ ಸಡಿಲವಾಯಿತು.

ನಮ್ಮ ಸೋದರಳಿಯನು ಕಾವೆಂಟ್ರಿ ಪಟ್ಟಣದ ಸಮೀಪದಲ್ಲಿ ಎಂಜಿನಿಯರಾಗಿದ್ದಾನೆ. ಜಾಗ್ವಾರ್ ಗಾಡಿಗಳು ಹುಟ್ಟಿ ಬೆಳೆದ ಸೀಮೆ ಅದು. ೨೦೦೮ರಲ್ಲಿ ಟಾಟಾ ಸಂಸ್ಥೆಯವರು ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಉದ್ಯಮವನ್ನು ಕೊಂಡ ಮೇಲೆ ಅಲ್ಲಿ ನಮ್ಮ ದೇಶದ ಎಂಜಿನಿಯರುಗಳು ಅಪರೂಪವಾಗಿ ಉಳಿದಿಲ್ಲ. ಇವನ ನೆರೆಮನೆಯ ವೃದ್ಧ ಮಹಿಳೆಯೊಬ್ಬರು ತಮ್ಮ ಪತಿ ತೀರಿಕೊಂಡ ಕೆಲವು ವರ್ಷಗಳ ತರುವಾಯ, ೧೯೬೬ರ ಜಾಗ್ವಾರ್ ಇ-ಟೈಪ್ ಗಾಡಿಯೊಂದನ್ನು ಪೇಟೆಯ ಬೆಲೆಗಿಂತ ಬಹಳ ಕಡಮೆಗೆ ಇವನಿಗೆ ಕೊಟ್ಟರು. ಒಂದೇ ಒಂದು ಷರತ್ತು. ಗಾಡಿಯನ್ನು ಓಡಿಸಬೇಕು, ಮನೆಯೊಳಗೆ ಕೂಡಿಹಾಕಿ ಬೆಲೆ ಏರುವುದನ್ನು ಕಾಯಕೂಡದು. ಇವನೂ ಸಂತೋಷದಿಂದ ಒಪ್ಪಿಕೊಂಡನು. ಅವನ ತಾಯಿ, ಎಂದರೆ ನಮ್ಮ ತಂಗಿ, ಆ ಮೊತ್ತವನ್ನು ಕೇಳಿ ಇಂದಿಗೂ ಒಪ್ಪಿಕೊಂಡಿಲ್ಲ.

ಮೋಟಾರು ಗಾಡಿಗಳ ವಿಷಯದಲ್ಲಿ ಆಸಕ್ತಿ ಇಲ್ಲದ ವಾಚಕರಿಗಾಗಿ ಎರಡು ಮಾತು ಹೇಳುವುದು ಅವಶ್ಯ. ಇ-ಟೈಪ್ ಮೊದಲು ಲೋಕದ ಕಣ್ಣಿಗೆ ಬಿದ್ದುದು ೧೯೬೧ರ ಮಾರ್ಚಿ ತಿಂಗಳಲ್ಲಿ, ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ. ಹತ್ತಿ ನೋಡಬಯಸಿದವರ ನೂಕುನುಗ್ಗಲಿಗೆ ಅಲ್ಲಿದ್ದ ಗಾಡಿ ಸಾಲದೆ, ಮತ್ತೊಂದನ್ನು ರಾತ್ರೋರಾತ್ರಿ ಕಾವೆಂಟ್ರಿಯಿಂದ ಓಡಿಸಿಕೊಂಡು ಬರುವಂತೆ ನಾರ್ಮನ್ ಡ್ಯೂಯಿಸ್ ಎಂಬ ಪರೀಕ್ಷಕ ಚಾಲಕರಿಗೆ ಆಜ್ಞೆಯಾಯಿತು. ಅವರು ಮರುದಿನ ಬೆಳಗ್ಗೆ ದೇಶಗಳನ್ನು ದಾಟಿ ಬಂದರು. ಗಾಡಿಯ ಮೈಯನ್ನು ರೂಪಿಸಿದ ಮಾಲ್ಕಮ್ ಸೇಯರ್ ಅವರು ಮೊದಲು ವಿಮಾನದ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಗಾಳಿಯನ್ನು ಸೀಳುವ ಬಾಗುಗಳನ್ನು ಗಣಿತದಿಂದ ತೆಗೆದವರು. ೧೯೭೪ರವರೆಗೆ ಇಂತಹ ಗಾಡಿಗಳು ೭೦ ಸಾವಿರಕ್ಕೂ ಮಿಕ್ಕಿ ತಯಾರಾದುವು. ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯವು ೧೯೯೬ರಲ್ಲಿ ಒಂದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಚಿತ್ರಪಟಗಳ ನಡುವೆ ಮೋಟಾರು ಗಾಡಿಗೆ ಸ್ಥಳ ದೊರೆಯುವುದು ಸಾಮಾನ್ಯವಾದ ಮಾತಲ್ಲ.

ಅಂದವೇನೋ ನಿಜ, ಆದರೆ ಕಲ್ಲಿನ ಪೆಟ್ಟು ತಿನ್ನುವುದಕ್ಕೆಂದೇ ಮಾಡಿದಂತಿದೆ ಆ ಮೈ. ಮೂತಿ ನೆಲಕ್ಕೆ ತೀರ ಹತ್ತಿರ, ಅದರಲ್ಲಿ ಗಾಳಿ ಹೋಗಲು ಬಾಯಿಯಂತಹ ಒಂದು ಸಣ್ಣ ತೆರಪು. ಅಲ್ಲಿಂದ ಹಿಂದಕ್ಕೆ ಉದ್ದುದ್ದವಾಗಿ ಹರಿದ ಬಾನೆಟ್ಟು. ಎರಡು ಪಕ್ಕದ ಮಡ್ಗಾರ್ಡುಗಳೂ ಅದಕ್ಕೇ ಸೇರಿ ಒಟ್ಟಿಗೆ ಮುಂದಕ್ಕೆ ಮೇಲೇಳುವುವು. ಮುಂದೆ ಹೋಗುವ ಗಾಡಿಯ ಚಕ್ರ ಎಬ್ಬಿಸಿದ ಕಲ್ಲೆಲ್ಲ ಈ ಮೂತಿಗೇ ಬಂದು ಬಡಿಯುವುದು. ಸಾಲದುದಕ್ಕೆ ತನ್ನ ಮುಂದಿನ ಚಕ್ರಗಳು ಎಸೆದ ಕಲ್ಲು ಬಾಗಿಲ ಕೆಳಗಿನ ಪಟ್ಟಿಗೂ ಹಿಂದಿನ ಚಕ್ರದ ಉಬ್ಬಿಗೂ ತಾಕುವುದು. ಇಂಗ್ಲೆಂಡಿನ ರಸ್ತೆಗಳು ನುಣುಪಾಗಿಯೇ ಇರುವುವೆಂದು ನಾವು ಎಣಿಸಿದ್ದೆವು. ಆದರೆ ಅಲ್ಲಿ ಬೇಸಗೆ ಬಂತೆಂದರೆ ಹಳ್ಳಿಯ ಕಡೆಯ ರಸ್ತೆಗಳಿಗೆ ಡಾಂಬರು ಎರಚಿ ಅದರ ಮೇಲೆ ಜಲ್ಲಿಯ ಚೂರು ಸುರಿದುಬಿಡುವರು. ಓಡಾಡುವ ಗಾಡಿಗಳೇ ಅದನ್ನು ತುಳಿದು ಕೂರಿಸಬೇಕು. ಗಂಟೆಗೆ ೨೦ ಮೈಲಿಗಿಂತ ವೇಗವಾಗಿ ಹೋಗಬೇಡಿರೆಂದು ಹಲಗೆ ನೆಟ್ಟಿರುವರು. ಎದುರಿನಿಂದ ಬರುವವನು ಆ ಹಲಗೆಯನ್ನು ಓದದಿದ್ದರೆ ನಮ್ಮ ಬಣ್ಣವೇ ದಂಡ ತೆರುವುದು. ಅಳಿಯನು ವೇಲ್ಸ್ ಪ್ರಾಂತಕ್ಕೆ ಮೊದಲ ಸಲ ಹೋಗಿಬಂದ ದಿನ ಕುಳಿತು ಎಣಿಸಿದಾಗ ಮೂತಿಯ ಮೇಲೆ ೧೭ ಹೊಸ ಗಾಯಗಳಿದ್ದುವಂತೆ.

ಆ ರಾತ್ರಿಯೇ ಅವನು ಗಾಡಿಯ ಮೈಗೆಲ್ಲ ಪಾರದರ್ಶಕವಾದ ಹಾಳೆಯನ್ನು ಅಂಟಿಸುವ ಯೋಚನೆ ಮಾಡಿದನು. ನಾವು ಅಲ್ಲಿಗೆ ಹೋಗುವ ವೇಳೆಗೆ ಕೆಲಸಗಾರನನ್ನು ಕಾಣುವ ದಿನವೂ ಗೊತ್ತಾಗಿತ್ತು. "ಮಾವ, ನೀವೂ ಬನ್ನಿ. ನಾನು ಹೇಳಿದರೆ ಅಮ್ಮ ಕೇಳಳು, ನೀವು ನೋಡಿ ಬಂದು ಹೇಳಿದರೆ ಕೇಳುವಳು" ಎಂದನು. ತಂಗಿಯು ಒಳಗಿನಿಂದಲೇ, "ಹಾಳೆ ಅಂಟಿಸುವ ಹಣದಲ್ಲಿ ಊರಿನ ಮನೆಯ ಹೆಂಚೆಲ್ಲ ಹೊಸದಾಗಿ ಹೊದಿಸಬಹುದಾಗಿತ್ತಲ್ಲೋ" ಎಂದಳು. ಇಬ್ಬರಿಗೂ ಉತ್ತರ ಕೊಡದೆ ನಾವು ಕೋಟು ಹಾಕಿಕೊಂಡು ಹೊರಟೆವು.

ಈ ಹಾಳೆಯು ಹುಟ್ಟಿದ್ದು ಯುದ್ಧದ ಕೆಲಸಕ್ಕಾಗಿ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ಹೆಲಿಕಾಪ್ಟರುಗಳು ಇಳಿಯುವಾಗಲೂ ಏರುವಾಗಲೂ ಎದ್ದ ಮರಳು ಕಲ್ಲುಗಳಿಂದ ಅವುಗಳ ತಿರುಗುವ ರೆಕ್ಕೆಗಳ ಅಂಚು ಸವೆದುಹೋಗುತ್ತಿತ್ತು. ಅದಕ್ಕಾಗಿ ತ್ರೀ-ಎಂ ಎಂಬ ಸಂಸ್ಥೆಯವರು ಪಾಲಿಯುರೆಥೇನ್ ಎಂಬ ಹಿಗ್ಗುವ ವಸ್ತುವಿನ ಪಟ್ಟಿಯನ್ನು ಮಾಡಿಕೊಟ್ಟರು. ಮುಂದೆ ಅದು ಪಂದ್ಯದ ಗಾಡಿಗಳ ಮೂತಿಗೆ ಬಂತು. ತರುವಾಯ ಶ್ರೀಮಂತರ ಗಾಡಿಗೆ. ಈಗ ಬೆಂಗಳೂರಿನ ಯಾವ ದೊಡ್ಡ ಬೀದಿಯಲ್ಲಿ ನೋಡಿದರೂ 'ಪಿ.ಪಿ.ಎಫ್.' ಎಂಬ ಮೂರು ಅಕ್ಷರಗಳ ಹಲಗೆ ಕಾಣುವುದು. ಇದಕ್ಕೆ ಮೊದಲು ಅಮೆರಿಕದವರು ಗಾಡಿಯ ಮುಂಭಾಗಕ್ಕೆ ಕಪ್ಪು ರೆಕ್ಸಿನ್ನಿನಂತಹ ಗವಸನ್ನು ಕಟ್ಟುತ್ತಿದ್ದರು. ಅದು ಕಲ್ಲನ್ನು ತಡೆಯಿತು. ಆದರೆ ಒಳಗೆ ಸೇರಿದ ದೂಳು ಗಾಳಿಗೆ ಗವಸು ಅದುರಿದಂತೆಲ್ಲ ಬಣ್ಣವನ್ನು ಉಜ್ಜಿ ಮಸುಕು ಮಾಡಿತು. ನಮ್ಮ ವಠಾರಗಳಲ್ಲಿ ದೂಳು ಒರಸದೆಯೇ ಗಾಡಿಗೆ ಬಟ್ಟೆಯ ಹೊದಿಕೆ ಎಳೆಯುವವರೂ ತಿಳಿಯದೆ ಇದೇ ಕೆಲಸವನ್ನು ಮಾಡುತ್ತಿರುವರು.

ಹಾಳೆಯ ದಪ್ಪ ಸುಮಾರು ೧೫೦ರಿಂದ ೨೦೦ ಮೈಕ್ರಾನ್. ಎಂದರೆ ಬರೆಯುವ ಕಾಗದ ಎರಡನ್ನು ಒಂದರ ಮೇಲೊಂದು ಇಟ್ಟಷ್ಟು. ಈಗಿನ ಗಾಡಿಯ ಬಣ್ಣ ಒಳಪದರಗಳೆಲ್ಲ ಸೇರಿ ಇದಕ್ಕಿಂತ ತೆಳು. ಹಾಳೆಯ ಅಡಿಯಲ್ಲಿ ಒತ್ತಿದರೆ ಹಿಡಿಯುವ ಅಂಟು, ನಡುವೆ ಪಾಲಿಯುರೆಥೇನ್, ಮೇಲೆ ಒಂದು ಸೂಕ್ಷ್ಮವಾದ ಹೊಳಪಿನ ಲೇಪ. ಬಣ್ಣವು ಗಡುಸು, ಕಲ್ಲು ಬಡಿದರೆ ಸಿಡಿದು ಚಕ್ಕೆ ಏಳುವುದು. ಹಾಳೆ ಮೆದು, ಅದು ಕಲ್ಲಿನ ವೇಗವನ್ನು ತನ್ನ ಮೈಯಲ್ಲಿ ಹಂಚಿಕೊಂಡು ಹಿಗ್ಗಿ ಮತ್ತೆ ಕುಗ್ಗುವುದು. ಮೇಲಿನ ಲೇಪದಲ್ಲಿ ಬಿದ್ದ ಕೂದಲೆಳೆಯ ಗೀರುಗಳು ಬಿಸಿಲಿಗೆ ನಿಲ್ಲಿಸಿದರೆ, ಇಲ್ಲವೆ ಬಿಸಿನೀರು ಹಾಕಿದರೆ ತಾವೇ ಮುಚ್ಚಿಕೊಳ್ಳುವುವು. ಇದನ್ನು ನಾವು ಕಣ್ಣಾರೆ ಕಂಡೆವು. ಕೆಲಸಗಾರನು ಒಂದು ತುಂಡಿನ ಮೇಲೆ ಹಿತ್ತಾಳೆಯ ಕುಂಚದಿಂದ ಗೀರಿ, ಕೆಟಲಿನ ಬಿಸಿನೀರನ್ನು ಸುರಿದನು, ಗೀರೆಲ್ಲ ಮಾಯ. ಮಾಯಾವಿಯ ಆಟ ನೋಡಿದ ಹುಡುಗರಂತೆ ನಾವು ಇನ್ನೊಂದು ಸಲ ಮಾಡಿಸಿ ನೋಡಿದೆವು. ಆದರೆ ಹಾಳೆಯನ್ನು ಸೀಳಿ ಹೋದ ಗಾಯ ಹೀಗೆ ಮಾಯುವುದಿಲ್ಲ. ಆ ತುಂಡನ್ನು ಬದಲಿಸಬೇಕು.

ಎಲ್ಲ ಹಾಳೆಯೂ ಒಂದೇ ಅಲ್ಲ. ಮೊದಮೊದಲಿನ ಹಾಳೆಗಳು ಕೆಲವೇ ವರ್ಷಗಳಲ್ಲಿ ಹಳೆಯ ದಿನಪತ್ರಿಕೆಯಂತೆ ಹಳದಿಯಾಗುತ್ತಿದ್ದುವು. ಪಾಲಿಯುರೆಥೇನಿನಲ್ಲಿ ಆರೊಮ್ಯಾಟಿಕ್ ಎಂಬ ಜಾತಿಯದು ಬಿಸಿಲಿಗೆ ಬಣ್ಣಗೆಡುವುದು; ಅಲಿಫ್ಯಾಟಿಕ್ ಎಂಬುದು ತಾಳುವುದು. ಒಳ್ಳೆಯ ಹಾಳೆಗಳು ಈಗ ಎರಡನೆಯ ಜಾತಿಯವೇ. ಇವಲ್ಲದೆ ಪಿ.ವಿ.ಸಿ.ಯಿಂದ ಮಾಡಿದ ಅಗ್ಗದ ಹಾಳೆಯನ್ನೂ ಅದೇ ಮೂರು ಅಕ್ಷರಗಳ ಹೆಸರಿನಲ್ಲಿ ಮಾರುವುದುಂಟು. ಅದು ಬೇಗ ಬಿರುಸಾಗಿ, ಕೀಳುವ ದಿನ ಚೂರುಚೂರಾಗಿ ಬರುವುದು. ಇನ್ನು ಸೆರಾಮಿಕ್ ಲೇಪವೆಂದು ಹೇಳಿ ಮಾರುವುದು ಬೇರೆಯದೇ ಪದಾರ್ಥ. ಅದು ಕೆಲವೇ ಮೈಕ್ರಾನ್ ದಪ್ಪದ್ದು. ನೀರು ನಿಲ್ಲದಂತೆ, ಕೊಳೆ ಹಿಡಿಯದಂತೆ ಮಾಡಬಲ್ಲದು. ಕಲ್ಲನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಕೊಳ್ಳುವವರು ಈ ಎರಡನ್ನು ಒಂದೆಂದು ಎಣಿಸಿ ಮೋಸಹೋಗಬಾರದು.

ಕೆಲಸಗಾರನ ಅಂಗಡಿ ಊರ ಹೊರಗಿನ ಒಂದು ಸಣ್ಣ ಕಟ್ಟಡ. ನೆಲ ನಮ್ಮ ದೇವರ ಮನೆಯಷ್ಟು ಶುಚಿ. ಅಂಟಿಸುವಾಗ ಒಂದು ನಾರು, ಒಂದು ದೂಳಿನ ಕಣ ಒಳಗೆ ಸಿಕ್ಕಿದರೂ ಅದು ಅಲ್ಲಿಯೇ ನಿಲ್ಲುವುದರಿಂದ ಇಷ್ಟು ಮಡಿ. ಮೊದಲು ಗಾಡಿಯನ್ನು ತೊಳೆದು, ಮೈಗೆ ಹತ್ತಿದ ಡಾಂಬರಿನ ಚುಕ್ಕೆಗಳನ್ನು ಜೇಡಿಮಣ್ಣಿನಂತಹ ಒಂದು ಮೆತ್ತನೆಯ ಮುದ್ದೆಯಿಂದ ಉಜ್ಜಿ ತೆಗೆಯುವರು. ಬಳಿಕ ಮಗುವಿಗೆ ಹಾಕುವ ಶ್ಯಾಂಪು ಒಂದೆರಡು ತೊಟ್ಟು ಬೆರೆಸಿದ ನೀರನ್ನು ಬಣ್ಣದ ಮೇಲೂ ಹಾಳೆಯ ಅಂಟಿನ ಮೇಲೂ ಚಿಮುಕಿಸುವರು. ಈ ನೀರು ಇರುವವರೆಗೆ ಹಾಳೆ ಜಾರುವುದು, ಬೇಕಾದ ಕಡೆಗೆ ಸರಿಸಿಕೊಳ್ಳಬಹುದು. ಸ್ಥಳಕ್ಕೆ ಬಂದ ಮೇಲೆ ರಬ್ಬರಿನ ಅಂಚುಳ್ಳ ಹಲಗೆಯಿಂದ ನಡುವಿನಿಂದ ಹೊರಕ್ಕೆ ನೀರನ್ನು ಒತ್ತಿ ತೆಗೆಯುವರು. ಬಾಗು ಇರುವಲ್ಲಿ ಬಿಸಿಗಾಳಿ ಊದಿ ಹಿಗ್ಗಿಸುವರು. ಅಂಚು ಹಿಡಿಯಬೇಕಾದ ಕಡೆ ನೀರಿಗೆ ಸ್ವಲ್ಪ ಆಲ್ಕೊಹಾಲ್ ಬೆರೆಸಿ ಚಿಮುಕಿಸುವರು. ಹೆಚ್ಚಾಗಿ ಎಳೆದರೆ ಹಾಳೆಯಲ್ಲಿ ಸುಕ್ಕಿನ ಗೆರೆ ನಿಲ್ಲುವುದು. ಕಡಮೆ ಎಳೆದರೆ ಅಂಚು ಮಡಚಿಕೊಳ್ಳುವುದು. ಇದು ಓದಿ ಕಲಿಯುವ ವಿದ್ಯೆಯಲ್ಲ.

ಈಗಿನ ಗಾಡಿಗಳಿಗೆ ಕಂಪ್ಯೂಟರಿನ ಯಂತ್ರವೇ ಅಳತೆಗೆ ಸರಿಯಾಗಿ ಹಾಳೆಯನ್ನು ಕತ್ತರಿಸಿಕೊಡುವುದು. ಇ-ಟೈಪ್ ಗಾಡಿಯ ವಿಷಯ ಹಾಗಲ್ಲ. ಅದರ ಮೈಯ ಸಂದುಗಳನ್ನು ಕೈಯಿಂದ ಸೀಸ ತುಂಬಿ ನಯ ಮಾಡಿದ್ದರಿಂದ ಒಂದು ಗಾಡಿಯಂತೆ ಇನ್ನೊಂದು ನಿಖರವಾಗಿ ಇರದು. ಗಾಡಿಯ ಮೇಲೆಯೇ ಕತ್ತರಿಸಬೇಕಾಗುವುದು. ಅಲ್ಲಿ ಚೂರಿ ಒಂದು ಕೂದಲಷ್ಟು ಆಳಕ್ಕೆ ಹೋದರೆ ಬಣ್ಣದಲ್ಲಿ ಗೆರೆ. ಆದಕಾರಣ ಜಾಣರಾದವರು ಚೂರಿಯನ್ನು ಬಿಟ್ಟು, ಒಳಗೆ ಸಣ್ಣ ಎಳೆಯಿರುವ ಒಂದು ಪಟ್ಟಿಯನ್ನು ಮೊದಲು ಅಂಟಿಸಿ, ಹಾಳೆ ಹಾಕಿದ ಮೇಲೆ ಆ ಎಳೆಯನ್ನು ಎಳೆಯುವರು. ಹಾಳೆ ಆ ಗೆರೆಯಲ್ಲಿಯೇ ಕೊಯ್ದುಕೊಳ್ಳುವುದು. ಬಾನೆಟ್ಟಿನ ಮೇಲೆ ಸಾಲಾಗಿರುವ ಗಾಳಿಗಂಡಿಗಳಿಗೆ ಹಾಳೆ ಹಾಕುವುದಂತೂ ಆಗದ ಕೆಲಸ. ಅವುಗಳ ಸುತ್ತ ಬಿಟ್ಟುಬಿಡುವರು.

ಇಷ್ಟನ್ನೂ ಆ ಕೆಲಸಗಾರನು ಮಾತಿನಲ್ಲಿ ವಿವರಿಸಿದನೇ ಹೊರತು ಹಾಳೆಯ ಸುರುಳಿಯನ್ನು ಬಿಚ್ಚಲಿಲ್ಲ. ಅಂಗೈಯಲ್ಲಿ ಹಿಡಿಯುವ ಒಂದು ಸಣ್ಣ ಯಂತ್ರವನ್ನು ತೆಗೆದು ಗಾಡಿಯ ಮೈಯನ್ನು ಗೇಣು ಗೇಣಾಗಿ ಮುಟ್ಟಿಸುತ್ತ ಹೋದನು. ಉಕ್ಕಿನ ಮೇಲೆ ಬಣ್ಣ ಎಷ್ಟು ದಪ್ಪವಿದೆಯೆಂಬುದನ್ನು ಅದು ಹೇಳುವುದು. ಮೂತಿಯ ಮೇಲೆ ಅಂಕಿ ದೊಡ್ಡದು: ಹಿಂದೆ ಯಾವಾಗಲೋ ಎಲ್ಲಿಗೋ ತಾಗಿ, ಬಾನೆಟ್ಟನ್ನೆಲ್ಲ ಹೊಸದಾಗಿ ಬಳಿಸಿದ್ದರು. ಹಿಂಭಾಗದ ಎಡಮೂಲೆಯಲ್ಲಿ ಅಂಕಿ ಇನ್ನೂ ದೊಡ್ಡದು. ಬಾಗಿಲುಗಳಿಗೆ ಬಂದಾಗ ಅಂಕಿ ತಟ್ಟನೆ ಇಳಿಯಿತು. ಅವನು ಕನ್ನಡಕವನ್ನು ಹಣೆಗೆ ಏರಿಸಿ, "ಇದು ಕಾರ್ಖಾನೆಯ ಬಣ್ಣ" ಎಂದನು. ಕಾರ್ಮೆನ್ ಕೆಂಪೆಂದು ಜಾಗ್ವಾರ್‌ನವರು ಕರೆದ ಬಣ್ಣ, ೧೯೬೬ರಲ್ಲಿ ಬಳಿದದ್ದು. ಬಲಬಾಗಿಲ ಮೇಲಂಚಿನಲ್ಲಿ, ಕಿಟಕಿಯ ಗಾಜು ಇಳಿಯುವ ಜಾಗದ ಹತ್ತಿರ, ಆ ಕೆಂಪು ತೆಳುವಾಗಿ ಒಳಗಿನ ಬೂದು ಬಣ್ಣ ಮಂಜಿನಂತೆ ತೋರುತ್ತಿತ್ತು. ಹಿಂದಿನ ಒಡೆಯರು ಬೇಸಗೆಯಲ್ಲಿ ಗಾಜನ್ನು ಇಳಿಸಿ ಮೊಳಕೈ ಊರುತ್ತಿದ್ದ ಜಾಗವದು. ಅಲ್ಲಿ ಹೊಳಪಿನ ಮುಲಾಮು ತಿಕ್ಕುವುದಕ್ಕೂ ಆ ವೃದ್ಧ ಮಹಿಳೆ ಬಿಟ್ಟಿರಲಿಲ್ಲವೆಂದು ಅಳಿಯನು ನಮಗೆ ಮೆಲ್ಲನೆ ಹೇಳಿದನು.

ಬಣ್ಣಗಳ ಇತಿಹಾಸವನ್ನು ಇಲ್ಲಿ ಸ್ವಲ್ಪ ಹೇಳದೆ ವಿಷಯ ಸ್ಪಷ್ಟವಾಗದು. ಮೊದಲಿಗೆ ಮೋಟಾರು ಗಾಡಿಗಳಿಗೂ ಕುದುರೆಗಾಡಿಗಳಂತೆ ಕುಂಚದಿಂದ ವಾರ್ನಿಷು ಬಳಿದು ವಾರಗಟ್ಟಲೆ ಒಣಗಿಸುತ್ತಿದ್ದರು. ೧೯೨೩ರಲ್ಲಿ ಅಮೆರಿಕದ ಡ್ಯೂಪಾಂಟ್ ಸಂಸ್ಥೆಯವರ 'ಡ್ಯೂಕೊ' ಎಂಬ ನೈಟ್ರೋಸೆಲ್ಯುಲೋಸ್ ಬಣ್ಣವು ಜನರಲ್ ಮೋಟಾರ್ಸಿನ ಓಕ್ಲೆಂಡ್ ಗಾಡಿಯ ಮೇಲೆ ಕಾಣಿಸಿಕೊಂಡಿತು; ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಇಂತಹ ಬಣ್ಣವನ್ನು ಇಂಗ್ಲಿಷಿನಲ್ಲಿ ಲ್ಯಾಕರ್ ಎನ್ನುವರು. ಆ ಮಾತಿನ ಮೂಲ ನಮ್ಮ 'ಲಾಕ್ಷಾ' ಶಬ್ದವೇ, ಚನ್ನಪಟ್ಟಣದ ಗೊಂಬೆಗೆ ಹಚ್ಚುವ ಅರಗೇ, ಎಂದರೆ ವಾಚಕರಿಗೆ ಸಂತೋಷವಾಗಬಹುದು. ಡ್ಯೂಕೊ ಎಂಬ ಹೆಸರಂತೂ ನಮ್ಮ ಗ್ಯಾರೇಜುಗಳಲ್ಲಿಯೂ ಬಡಗಿಗಳ ಬಾಯಲ್ಲಿಯೂ ಇನ್ನೂ ಉಳಿದಿದೆ. ಈ ಜಾತಿಯ ಬಣ್ಣದಲ್ಲಿ ಒಂದು ಗುಣವುಂಟು: ಅದು ಒಣಗುವುದೆಂದರೆ ಒಳಗಿನ ತಿನ್ನರು ಹಾರಿಹೋಗುವುದು, ಅಷ್ಟೆ. ಎಷ್ಟು ವರ್ಷ ಕಳೆದರೂ ಮತ್ತೆ ತಿನ್ನರು ಸೋಕಿದರೆ ಕರಗುವುದು. ಈಗಿನ ಬಣ್ಣಗಳು ಹಾಗಲ್ಲ. ಅವು ಒಲೆಯಲ್ಲಿ ಬೆಂದು ಅನ್ನದಂತೆ ಹಿಂದಿರುಗಿ ಅಕ್ಕಿಯಾಗಲಾರದ ಸ್ಥಿತಿಗೆ ಬಂದಿರುವುವು. ಮೇಲಾಗಿ ಈಗ ಬಣ್ಣದ ಮೇಲೆ ಗಾಜಿನಂತಹ ಒಂದು ರಕ್ಷಣೆಯ ಪದರವಿರುವುದು. ಆಗಿನ ಸಾದಾ ಬಣ್ಣಗಳಿಗೆ ಅದಿಲ್ಲ. ನಾವು ಮುಟ್ಟುವುದು ನೇರವಾಗಿ ಬಣ್ಣವನ್ನೇ. ಅದು ಕಾಲಕ್ರಮದಲ್ಲಿ ಸುಣ್ಣದಂತೆ ಪುಡಿಯಾಗುತ್ತ, ಅಡಿಯ ಪದರದ ಹಿಡಿತವನ್ನು ಅಲ್ಲಲ್ಲಿ ಕಳೆದುಕೊಂಡಿರುವುದು. ಹೊರಗಿನ ಕಣ್ಣಿಗೆ ಮಾತ್ರ ಅದು ತಿಳಿಯದು.

ಕೆಲಸಗಾರನು ಮೂರು ಮರೆಯಾದ ಸ್ಥಳಗಳಲ್ಲಿ ಹಾಳೆಯ ಸಣ್ಣ ಚೂರುಗಳನ್ನು ಅಂಟಿಸಿದನು: ಬಾನೆಟ್ಟಿನ ಒಳ ಅಂಚು, ಹಿಂಭಾಗದ ಎಡಮೂಲೆಯ ಅಡಿ, ಬಾಗಿಲಿನ ಒಳಮಗ್ಗುಲು. ಮರುದಿನ ಬರಹೇಳಿದನು. ಮರುದಿನ ಬಾನೆಟ್ಟಿನ ಚೂರು ಬಿಸಿ ತಾಗಿದೊಡನೆ ತೆಪ್ಪಗೆ ಬಂತು. ಎಡಮೂಲೆಯ ಚೂರು ತನ್ನ ಜೊತೆಗೆ ಉಗುರಿನಷ್ಟು ಕೆಂಪು ಬಣ್ಣವನ್ನೂ ಅದರಡಿಯ ಪುಟ್ಟಿಯನ್ನೂ ಎತ್ತಿಕೊಂಡು ಬಂತು. ಯಾರೋ ಅವಸರದಲ್ಲಿ, ಕೆಳಗಿನ ಮೈಯನ್ನು ಚೆನ್ನಾಗಿ ಉಜ್ಜದೆ ಬಳಿದಿದ್ದರು. ಬಾಗಿಲಿನ ಚೂರು ಏನನ್ನೂ ಕೀಳದೆ ಬಂತು. ಅಳಿಯನು ನಿಟ್ಟುಸಿರು ಬಿಟ್ಟು, "ಹಾಗಾದರೆ ಬಾಗಿಲಿಗೂ ಹಾಕಬಹುದಲ್ಲವೇ" ಎಂದನು. ಕೆಲಸಗಾರನು ಆಗುವುದಿಲ್ಲವೆಂದನು.

ಕಾರಣವನ್ನು ಅವನು ಹೇಳಿದ್ದು ನಮ್ಮ ಮನಸ್ಸಿಗೆ ಹಿಡಿಯಿತು. ಒತ್ತಿ ಅಂಟಿಸುವ ಅಂಟು ಮೊದಲ ದಿನ ಹಿಡಿದಷ್ಟೇ ಕಡೆಯವರೆಗೂ ಹಿಡಿಯುವುದಿಲ್ಲ. ದಿನ ಕಳೆದಂತೆ ಅದರ ಹಿಡಿತ ಬಲಗೊಳ್ಳುವುದು. ಒಂದು ರಾತ್ರಿಯ ಪರೀಕ್ಷೆಯಲ್ಲಿ ಗೆದ್ದ ಬಣ್ಣ ಎಂಟು ವರ್ಷಗಳ ಅಂಟಿನ ಮುಂದೆ ಗೆಲ್ಲುವುದೆಂಬ ಭರವಸೆ ಇಲ್ಲ. ಹಾಳೆಗೆ ಆಯುಸ್ಸುಂಟು, ಒಳ್ಳೆಯದಕ್ಕೂ ಹತ್ತು ವರ್ಷದ ಹೊಣೆಯನ್ನೇ ಸಾಮಾನ್ಯವಾಗಿ ಕೊಡುವುದು. ಅದನ್ನು ಒಂದು ದಿನ ಕೀಳಲೇಬೇಕು. ತಯಾರಕರು ಹೊಣೆ ಹೊರುವುದು ಹಾಳೆಗೇ ಹೊರತು ಅದರ ಅಡಿಯ ಮುದಿ ಬಣ್ಣಕ್ಕಲ್ಲ. ಉಳಿದ ಅಂಟನ್ನು ತೆಗೆಯಲು ದ್ರಾವಕವನ್ನು ತಿಕ್ಕಬೇಕಾಗಿ ಬಂದರಂತೂ ಹಳೆಯ ಲ್ಯಾಕರಿಗೆ ಅದು ಇನ್ನೊಂದು ಗಂಡಾಂತರ. ಬಾನೆಟ್ಟಿನ ಬಣ್ಣ ಹೋದರೆ ಮತ್ತೆ ಬಳಿಯಬಹುದು. ಅದು ಈಗಾಗಲೇ ಒಮ್ಮೆ ಬಳಿದದ್ದೇ. ಬಾಗಿಲಿನದು ಹೋದರೆ ಅದರ ಜೊತೆಗೆ ಆ ಮೊಳಕೈಯ ಗುರುತೂ ಹೋಗುವುದು.

ಇಲ್ಲಿಗೆ ಮಾತು ಹಣದ್ದಲ್ಲ, ಅಥವಾ ಹಣದ್ದು ಮಾತ್ರವಲ್ಲ. ಮೊದಲಿನ ಬಣ್ಣ ಉಳಿದ ಹಳೆಯ ಗಾಡಿಗೆ ಹೊಸದಾಗಿ ಮಿರುಗುವ ಗಾಡಿಗಿಂತ ಹೆಚ್ಚಿನ ಮರ್ಯಾದೆ ಸಲ್ಲುವ ಕಾಲವೊಂದು ಆ ದೇಶಗಳಲ್ಲಿ ಬಂದಿದೆ. ಹಳೆಯ ವಾಹನಗಳ ಸಂಘಗಳನ್ನೆಲ್ಲ ಒಟ್ಟುಗೂಡಿಸಿ ೧೯೬೬ರಲ್ಲಿ ಸ್ಥಾಪಿತವಾದ 'ಫೀವಾ' ಎಂಬ ಅಂತರರಾಷ್ಟ್ರೀಯ ಒಕ್ಕೂಟವು ೨೦೧೨ರಲ್ಲಿ 'ಟ್ಯೂರಿನ್ ಸನ್ನದು' ಎಂಬ ನಿಯಮಾವಳಿಯನ್ನು ಅಂಗೀಕರಿಸಿತು. ಹಳೆಯ ಗುಡಿಗಳನ್ನೂ ಕಟ್ಟಡಗಳನ್ನೂ ಕಾಪಾಡುವವರು ಪಾಲಿಸುವ ಧರ್ಮವನ್ನೇ ಅದು ವಾಹನಗಳಿಗೂ ವಿಧಿಸುವುದು: ಇದ್ದುದನ್ನು ಇದ್ದಂತೆ ಉಳಿಸುವುದು ಮೊದಲು, ಹೊಸದು ಮಾಡುವುದು ಆಮೇಲೆ, ಏನಾದರೂ ಸೇರಿಸಿದರೆ ಮುಂದೆ ತೆಗೆಯಲು ಬರುವಂತಿರಬೇಕು, ಮಾಡಿದುದನ್ನೆಲ್ಲ ಬರೆದಿಡಬೇಕು. ಹಾಳೆಯನ್ನು ಮಾರುವವರು ತೆಗೆಯಲು ಬರುವುದೆಂಬ ಗುಣವನ್ನೇ ಮುಂದಿಟ್ಟು ಹೊಗಳುವರು. ಗಟ್ಟಿಯಾದ ಬಣ್ಣದ ಮೇಲೆ ಆ ಮಾತು ನಿಜ. ಹಿಡಿತ ತಪ್ಪಿದ ಬಣ್ಣದ ಮೇಲೆ ಅದೇ ಹಾಳೆ ಕಿತ್ತರೆ ಬಣ್ಣವನ್ನು ಒಯ್ಯುವುದು, ಕೀಳದಿದ್ದರೆ ಮುದಿಯಾಗಿ ಬಿರಿಯುವುದು. ಪುರಾತನ ಭಿತ್ತಿಚಿತ್ರಗಳ ಮೇಲೆ ಕಾಪಾಡುವುದಕ್ಕೆಂದು ಬಳಿದ ವಾರ್ನಿಷೇ ಮುಂದೆ ಕಂದುಗಟ್ಟಿ ಚಿತ್ರವನ್ನು ಮರೆಮಾಡಿದ ಪ್ರಸಂಗಗಳು ನಮ್ಮ ದೇಶದಲ್ಲಿಯೂ ನಡೆದಿವೆ. ಅಜಂತದಲ್ಲಿ ನಡೆದುದೂ ಅದೇ.

ಅಳಿಯನಿಗೆ ಇದು ಹಿಡಿಸಲಿಲ್ಲ. ಅರ್ಧಕ್ಕೆ ಹಾಳೆ ಹಾಕಿ ಅರ್ಧಕ್ಕೆ ಬಿಟ್ಟರೆ, ಹಾಳೆಯ ಅಡಿಯ ಬಣ್ಣ ಬಿಸಿಲಿಗೆ ಮಾಸದೆ, ಉಳಿದದ್ದು ಮಾಸಿ, ಕೆಲವು ವರ್ಷಗಳಲ್ಲಿ ಗಾಡಿ ಎರಡು ಕೆಂಪಾಗುವುದೆಂದು ವಾದಿಸಿದನು. ವಾದ ಸುಳ್ಳಲ್ಲ. ಆದರೆ ಬಾನೆಟ್ಟಿನ ಕೆಂಪಿಗೂ ಬಾಗಿಲಿನ ಕೆಂಪಿಗೂ ಈಗಾಗಲೇ ಅಂತರವಿದೆಯೆಂದು ನಾವು ತೋರಿಸಿದೆವು. ಮನೆಗೆ ಬಂದ ಮೇಲೆ ಅವನು ಬಹಳ ಹೊತ್ತು ಮಾತನಾಡಲಿಲ್ಲ. ಹಾಗಾದರೆ ಗಾಡಿಯನ್ನು ಹೊರಗೆ ತೆಗೆಯುವುದೇ ಬೇಡವೆಂದು ಒಮ್ಮೆ ಅಂದನು. ಅದನ್ನು ಕೇಳಿದ ನಮ್ಮ ತಂಗಿಯೇ, "ಆ ಮುದುಕಿಗೆ ಕೊಟ್ಟ ಮಾತು ಏನಾಯಿತೋ" ಎಂದು ಕೇಳಿದಳು. ಗಾಡಿಯ ಪರವಾಗಿ ಅವಳು ಆಡಿದ ಮೊದಲನೆಯ ಮಾತು ಅದಾಗಿತ್ತು.

ಕಡೆಗೆ ತೀರ್ಮಾನವಾದುದು ಹೀಗೆ. ಬಾನೆಟ್ಟಿನ ಮೂತಿಗೂ ಅದರ ಇಕ್ಕೆಲಗಳಿಗೂ ಹಾಳೆ. ಬಾಗಿಲ ಕೆಳಗಿನ ಪಟ್ಟಿಗಳನ್ನೂ ಹಿಂದಿನ ಚಕ್ರದ ಉಬ್ಬುಗಳ ಮುಂಭಾಗವನ್ನೂ ಹಿಂದೆಯೇ ಬಾನೆಟ್ಟಿನ ಜೊತೆಗೆ ಬಳಿಸಿದ್ದುದು ಯಂತ್ರದಿಂದ ತಿಳಿದುಬಂದುದರಿಂದ ಅಲ್ಲಿಗೂ ಹಾಳೆ. ಎಡಮೂಲೆಯನ್ನು ಕಿತ್ತು ಸರಿಯಾಗಿ ಬಳಿಸುವುದು. ಹೊಸ ಬಣ್ಣದ ಒಳಗಿನ ದ್ರಾವಕ ಪೂರ್ತಿಯಾಗಿ ಹಾರಿಹೋಗುವವರೆಗೆ, ಎಂದರೆ ಕಡಮೆಯೆಂದರೆ ೩೦ ದಿನ, ಸಾಧ್ಯವಾದರೆ ಇನ್ನೂ ಹೆಚ್ಚು ದಿನ, ಅದನ್ನು ಮುಚ್ಚದಿರುವುದು. ಅವಸರಪಟ್ಟು ಮುಚ್ಚಿದರೆ ಆ ಆವಿ ಹಾಳೆಯ ಅಡಿಯಲ್ಲಿ ಗುಳ್ಳೆಯಾಗಿ ನಿಲ್ಲುವುದು. ಬಾಗಿಲು, ಛಾವಣಿ ಇವೆರಡಕ್ಕೆ ಮೇಣ ಮಾತ್ರ. ಕೆಲಸಕ್ಕೆ ಮೂರು ದಿನ ಹಿಡಿಯಿತು. ನಾವು ಹತ್ತಿರ ನಿಂತು ನೋಡಿದರೂ ಹಾಳೆ ಎಲ್ಲಿ ಮುಗಿದು ಬಣ್ಣ ಎಲ್ಲಿ ಮೊದಲಾಯಿತೆಂಬುದು ಬೆರಳಿಗೆ ತಿಳಿಯಿತೇ ಹೊರತು ಕಣ್ಣಿಗೆ ತಿಳಿಯಲಿಲ್ಲ. ಆ ಅಂಚಿನಲ್ಲಿ ಮೇಣ ಸೇರಿ ಬಿಳಿಯ ಗೆರೆಯಾಗುವುದರಿಂದ ತೊಳೆಯುವಾಗ ಅಲ್ಲಿ ಮೆತ್ತನೆಯ ಕುಂಚ ಆಡಿಸಬೇಕು. ರಭಸದ ನೀರಿನ ಕೊಳವೆಯನ್ನು ಅಂಚಿಗೆ ಎದುರಾಗಿ ಹಿಡಿಯಕೂಡದು.

ನಮ್ಮೂರಿನ ವಾಚಕರಿಗೆ ಇದರಲ್ಲಿ ಸ್ವಂತದ ಮಾತೂ ಉಂಟು. ಈಚೆಗೆ ಕಾರ್ಖಾನೆಯಿಂದ ಬಂ‌ದ ಗಾಡಿಗೆ ಒಳ್ಳೆಯ ಹಾಳೆ ಹಾಕಿಸುವುದರಲ್ಲಿ ಬಣ್ಣಕ್ಕೆ ಅಪಾಯ ಬಹಳ ಕಡಮೆ. ಖರ್ಚು ತಕ್ಕುದೇ ಎಂಬುದನ್ನು ಆಯಾ ಮನೆಯವರು ಯೋಚಿಸಿಕೊಳ್ಳಬೇಕು. ಇಡೀ ಮೈಗೆ ಬೇಡವೆಂದರೆ ಕಲ್ಲು ತಾಕುವ ಮುಂಭಾಗಕ್ಕೆ ಮಾತ್ರ ಹಾಕಿಸಿದರೂ ಮುಕ್ಕಾಲು ಪ್ರಯೋಜನ ಬರುವುದೆಂದು ನಮ್ಮ ಅಭಿಪ್ರಾಯ. ಆದರೆ ಅಜ್ಜನ ಕಾಲದ ಅಂಬಾಸಡರು, ಫಿಯಟ್ಟು ಇವುಗಳನ್ನು ಅಕ್ಕರೆಯಿಂದ ಉಳಿಸಿಕೊಂಡವರು ಎಚ್ಚರದಿಂದಿರಬೇಕು. ಇವು ಟಿಂಕರಿಂಗ್ ಶೆಡ್ಡುಗಳಲ್ಲಿ ಎಷ್ಟು ಸಲ ಪುಟ್ಟಿ ತುಂಬಿಸಿಕೊಂಡು ಎನ್.ಸಿ. ಬಣ್ಣ ಬಳಿಸಿಕೊಂಡಿವೆಯೋ ಬಲ್ಲವರಿಲ್ಲ. ಅಂತಹ ಮೈಗೆ ಹಾಳೆಯನ್ನು ಅಂಟಿಸುವ ಮೊದಲು ಮರೆಯಾದ ಜಾಗದಲ್ಲಿ ಒಂದು ಚೂರನ್ನು ಅಂಟಿಸಿ ಕಿತ್ತು ತೋರಿಸೆಂದು ಅಂಗಡಿಯವನನ್ನು ಕೇಳಿ. ತೋರಿಸಲು ಹಿಂಜರಿದರೆ ಗಾಡಿಯನ್ನು ಮನೆಗೆ ತನ್ನಿ.

ಮೊನ್ನೆ ಅಳಿಯನಿಂದ ಕಾಗದ ಬಂದಿದೆ. ಮತ್ತೆ ವೇಲ್ಸಿಗೆ ಹೋಗಿಬಂದನಂತೆ. ಈ ಸಲ ಪಕ್ಕದ ಆಸನದಲ್ಲಿ ಆ ವೃದ್ಧ ಮಹಿಳೆಯೂ ಇದ್ದರಂತೆ. ಬಾಗಿಲಿಗೆ ಒಂದು ಸಣ್ಣ ಪೆಟ್ಟು ಬಿದ್ದಿದೆ, ಅದಕ್ಕೆ ಮೇಣ ಮುಟ್ಟಿಸಿ ಸುಮ್ಮನಿದ್ದೇನೆ ಎಂದು ಬರೆದಿದ್ದಾನೆ. ಗಾಡಿಯ ಕಾಗದಪತ್ರಗಳ ಕಟ್ಟಿನಲ್ಲಿ ಈಗ ಇನ್ನೊಂದು ಹಾಳೆ ಸೇರಿದೆಯಂತೆ: ಎಲ್ಲೆಲ್ಲಿ ಯಾವ ಹಾಳೆಯನ್ನು ಎಂದು ಅಂಟಿಸಿದೆ, ಅದರ ಅಡಿಯಲ್ಲಿರುವುದು ಯಾವ ಬಣ್ಣ, ಯಾವ ವರ್ಷದೊಳಗೆ ಬಿಸಿ ಕೊಟ್ಟು ಮೆಲ್ಲನೆ, ಮೈಗೆ ಒರಗಿದಂತೆ ಮಡಚಿ ಎಳೆದು ತೆಗೆಯಬೇಕು ಎಂಬುದೆಲ್ಲ ಅದರಲ್ಲಿದೆ. ಬಲಬಾಗಿಲಿನ ಎದುರಿಗೆ ಮಾತ್ರ, 'ಏನನ್ನೂ ಅಂಟಿಸಿಲ್ಲ' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾನಂತೆ.